ಕಾಂಪೌಂಡ್ ಗೋಡೆಯ ಕೆಳಗಿನ ಪೈಪು

ಎರಡಡಿ ಅಗೆಯುವಷ್ಟರಲ್ಲಿ ಆಂಜಿಯ ಹಾರೆಗೆ ಪೈಪು ತಗುಲಿತು.

ಪ್ಲಂಬರ್ ಆಂಜಿ ಮಂಡಿಯೂರಿ ಕೂತು ಮಣ್ಣು ಬಾಚಿದ. ಪೈಪು ಒಂದು ಕಡೆ ರಮಾದೇವಿಯ ಸಂಪಿನತ್ತ ಸಾಗಿತ್ತು. ಇನ್ನೊಂದು ಕಡೆ ಕಾಂಪೌಂಡ್ ಗೋಡೆಯ ಅಡಿಯಲ್ಲಿ ನುಸುಳಿ ಪಕ್ಕದ ಆದಿಲಕ್ಷ್ಮಮ್ಮನ ಮನೆಯ ಪಾಲಾಗಿತ್ತು.

"ಯಕ್ಕಾ, ಎಲ್ಲಿಂದ ಬಂದಿದೆ ಅಂತ ಇನ್ನೊಂಚೂರು ಅಗೆದು ನೋಡ್ತೀನಿ."

"ಎಲ್ಲಿಂದ ಬಂದಿದೆ ಅಂತಲ್ಲ ಆಂಜಿ, ಎಲ್ಲಿಗೆ ಹೋಗಿದೆ ಅಂತ ನೋಡು" ಎಂದಳು ರಮಾದೇವಿ.

ಬೇಸಿಗೆ ಏರಿ, ಹದಿನೈದು ದಿನಗಳಿಂದ ಅವಳ ಸಂಪು ಅರ್ಧವೂ ತುಂಬುತ್ತಿರಲಿಲ್ಲ. ವೇಮಗಲ್‌ನಲ್ಲಿ ರೂಮು ಮಾಡಿಕೊಂಡಿರುವ ಇಪ್ಪತ್ತು ಮಂದಿ ಕಂಪನಿ ಹುಡುಗರಿಗೆ ಅವಳು ದಿನವೂ ಅಡುಗೆ ಮಾಡಿ ಕ್ಯಾರಿಯರ್ ಕಳಿಸುತ್ತಿದ್ದಳು. ನಿನ್ನೆ ಪಾತ್ರೆ ತೊಳೆಯಲು ನೀರಿಲ್ಲದೆ ಆರು ಕ್ಯಾರಿಯರ್ ಖಾಲಿಯೇ ವಾಪಸ್ಸು ಹೋಗಿದ್ದವು. ಪಂಚಾಯ್ತಿ ನೀರು ವಾರಕ್ಕೊಮ್ಮೆ ಬಂದರೆ ಕುಡಿಯುವುದಕ್ಕೆ ಸರಿಹೋಗುತ್ತಿತ್ತು. ಉಳಿದದ್ದೆಲ್ಲ ಬೋರಿನ ಮೇಲೆ.

ಆ ಬೋರು ಅವಳದ್ದು. ಎಂಟು ವರ್ಷದ ಹಿಂದೆ, ಬಾಣಂತನಕ್ಕೆ ಮುಳಬಾಗಿಲಿನ ತವರಿಗೆ ಹೊರಡುವಾಗ, ಅಮ್ಮ ಹಾಕಿದ್ದ ಎರಡೆಳೆ ಸರವನ್ನು ಬಿಚ್ಚಿ ಗಂಡ ಸೀನಪ್ಪನ ಕೈಗಿಟ್ಟಿದ್ದಳು. ಮಗುವನ್ನು ಎತ್ತಿಕೊಂಡು ಹಿಂದಿರುಗಿದಾಗ ಅಂಗಳದ ಮೂಲೆಯಲ್ಲಿ ಬೋರಿನ ಕೇಸಿಂಗ್ ಪೈಪು ನಿಂತಿತ್ತು, ಸಂಪಿನಲ್ಲಿ ನೀರು ತುಳುಕುತ್ತಿತ್ತು. ಬೆಳಗ್ಗೆ ಐದೂವರೆಗೆ ತಾನಾಗಿಯೇ ನೀರು ಬೀಳುವಂತೆ ಟೈಮರ್ ಹಾಕಿಸಿದ್ದೇನೆ, ನೀನು ಮುಟ್ಟಬೇಡ ಎಂದಿದ್ದ ಸೀನಪ್ಪ. ಅವಳು ಮುಟ್ಟಿರಲಿಲ್ಲ. ಬೀದಿಯ ಬೋರುಗಳು ಒಂದೊಂದಾಗಿ ಬತ್ತಿದ ಬೇಸಿಗೆಗಳಲ್ಲೂ ಅವಳ ಸಂಪಿಗೆ ನೀರು ಬಿದ್ದಿತ್ತು. ಸರ ಹೋದದ್ದಕ್ಕೆ ಅವಳು ಒಂದು ದಿನವೂ ಬೇಜಾರು ಮಾಡಿಕೊಂಡಿರಲಿಲ್ಲ.

ಆದರೆ ಆದಿಲಕ್ಷ್ಮಮ್ಮ ಹೀಗೆ ಮಾಡಬಹುದೆ? ತವರಿನಿಂದ ಬಂದ ಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ಅವಳೇ. ಮನೆಯ ಇನ್ನೊಂದು ಬೀಗದ ಕೈ ಇರುವುದೂ ಅವಳ ಹತ್ತಿರವೇ. ಅವಳ ಮನೆಯಲ್ಲಿ ನಾಲ್ಕು ಸೀಮೆಹಸು ಬೇರೆ. ಅವು ಎಷ್ಟು ನೀರು ಕುಡಿಯುತ್ತವೆ ಎಂದು ಲೆಕ್ಕ ಹಾಕುತ್ತಲೇ ರಮಾದೇವಿ ಗೇಟು ತೆಗೆದು ಹೊರಟಳು.

ಆದಿಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು.

"ಗೋಡೆ ಕೆಳಗೆ ಪೈಪು ಸಿಕ್ತು."

ಆದಿಲಕ್ಷ್ಮಮ್ಮನ ಕೈ ನಿಂತಿತು. "ಸೀನಪ್ಪ ಬರ್ಲಿ ತಾಯಿ. ಅವನ ಮುಂದೆ ಮಾತಾಡೋಣ."

"ಅವರೇನು ಹೇಳ್ತಾರೆ? ನಿಮಗೆ ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು."

"ನಾನು ನಿಮ್ಮನ್ನ ಅಮ್ಮನ ಥರ ನೋಡ್ದೆ."

"ನಾನು ಅವನಿಗೆ ಮಾತು ಕೊಟ್ಟಿದೀನಿ ರಮಾ. ಸಾಯಂಕಾಲದವರೆಗೂ ತಡಿ."

ರಮಾದೇವಿ ತಡೆಯಲಿಲ್ಲ. ಬೀದಿಗೆ ಬಂದು, ಎದುರು ಮನೆಯವರಿಗೂ ಡೈರಿಗೆ ಹಾಲು ಹಾಕಲು ಹೊರಟವರಿಗೂ ಕೇಳುವಂತೆ ಅಂದಳು. ನೀರುಗಳ್ಳಿ ಎಂದಳು. ಮಗುವಿಗೆ ಎರೆದದ್ದೂ ಇದಕ್ಕೇ ಇರಬೇಕು ಎಂದಳು. ಆದಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಿದ್ದಳು. ಯಾರೋ ಅವಳ ಪರವಾಗಿ ಮಾತಾಡಲು ಬಂದಾಗ, "ಪೋನೀಲೇಮ್ಮ, ಹೋಗ್ಲಿ ಬಿಡು, ಹೊಟ್ಟೆ ಉರೀತಿದೆ ಅವಳಿಗೆ, ಅನ್ಲಿ" ಎಂದು ಒಳಗೆ ಹೋದಳು. ಬೀಗದ ಕೈ ತಂದು ರಮಾದೇವಿಯ ಗೇಟಿನ ಕಂಬದ ಮೇಲಿಟ್ಟಳು.

"ಕಟ್ ಮಾಡು" ಎಂದಳು ರಮಾದೇವಿ ಆಂಜಿಗೆ.

"ಅಣ್ಣ ಬಂದ್ಮೇಲೆ..."

"ಸರ ಕೊಟ್ಟೋಳು ನಾನು. ಕಟ್ ಮಾಡು. ನಮ್ಮ ಕಡೆ ತುದಿಗೆ ಕ್ಯಾಪ್ ಹಾಕು. ಆ ಕಡೆದು ಹಾಗೇ ಬಿದ್ದಿರ್ಲಿ."

ಆಂಜಿ ಪೈಪು ಕತ್ತರಿಸಿದ. ಒಳಗಿದ್ದ ಒಂದು ಲೋಟದಷ್ಟು ನೀರು ಗುಂಡಿಗೆ ಸೋರಿ ಮಣ್ಣಿಗೆ ಇಂಗಿತು. ಅವನು ಕ್ಯಾಪ್ ಅಂಟಿಸಿ ಹೊರಟುಹೋದ.

ಸಂಜೆ ನರಸಾಪುರದಿಂದ ಕಂಪನಿ ಬಸ್ಸಿಳಿದು ಬಂದ ಸೀನಪ್ಪ ಗುಂಡಿಯ ಹತ್ತಿರ ನಿಂತುಬಿಟ್ಟ. ಹೆಗಲಿನ ಬ್ಯಾಗನ್ನೂ ಇಳಿಸಲಿಲ್ಲ.

"ಯಾರನ್ನ ಕೇಳಿ ಕಟ್ ಮಾಡಿಸಿದೆ?"

ಆ ಒಂದು ಮಾತಿನಲ್ಲೇ ರಮಾದೇವಿಗೆ ಎಲ್ಲ ಅರ್ಥವಾಯಿತು. ಆದಿಲಕ್ಷ್ಮಮ್ಮ ಒಬ್ಬಳೇ ಮಾಡಿದ್ದಲ್ಲ ಇದು.

"ಈ ಪೈಪು ಹಾಕಿಸಿದ್ದು ನೀವಾ?"

ಅವನು ಹೌದೆಂದು ತಲೆಯಾಡಿಸಿದ.

"ಯಾವಾಗ?"

"ನೀನು ಬಾಣಂತನಕ್ಕೆ ಹೋಗಿದ್ದಾಗ."

"ಎಂಟು ವರ್ಷ" ಎಂದಳು ಅವಳು. ದನಿ ಏರಲಿಲ್ಲ. "ನಮ್ಮಮ್ಮ ಕೂಲಿ ಮಾಡಿ ಮಾಡಿಸಿದ್ದ ಸರ ಅದು. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತಿತ್ತು. ಧೈರ್ಯ ಬರ್ಲಿಲ್ಲ."

"ಅವರಿಗೆ ಬೇಕಾಗಿದ್ರೆ ನಾನೇ ಕೊಡ್ತಿದ್ದೆ. ಕೇಳ್ಬಹುದಿತ್ತು."

ಸೀನಪ್ಪ ಏನೋ ಹೇಳಲು ಬಾಯಿ ತೆರೆದ. ಮಗಳು ಪುಸ್ತಕ ಹಿಡಿದು ಬಾಗಿಲಿಗೆ ಬಂದದ್ದನ್ನು ನೋಡಿ, ಬ್ಯಾಗು ಇಳಿಸಿ ಅವಳನ್ನು ಒಳಗೆ ಕರೆದುಕೊಂಡು ಹೋದ. ಅವತ್ತು ರಮಾದೇವಿ ಅವನಿಗೆ ತಟ್ಟೆ ಇಡಲಿಲ್ಲ. ಅವನೂ ಕೇಳಲಿಲ್ಲ.

ಬೆಳಗ್ಗೆ ಅವಳು ಐದೂವರೆಗೆ ಮುಂಚೆಯೇ ಸಂಪಿನ ಮುಚ್ಚಳ ತೆಗೆದು ಕಾದು ನಿಂತಳು. ಇವತ್ತು ಬೋರಿನ ನೀರು ಒಂದು ಹನಿಯೂ ಹಂಚಿಹೋಗದೆ ಬೀಳಬೇಕಾಗಿತ್ತು. ಇಪ್ಪತ್ತು ಕ್ಯಾರಿಯರ್ ತುಂಬುವಷ್ಟು ಅಕ್ಕಿ ಅಳೆದಿಟ್ಟಿದ್ದಳು. ಐದೂವರೆ ಆಯಿತು. ಸಂಪಿನೊಳಗೆ ಸದ್ದಿಲ್ಲ.

ಸದ್ದು ಬಂದದ್ದು ಗುಂಡಿಯಿಂದ. ಅವಳು ಅಲ್ಲಿಗೆ ಓಡಿದಳು. ಕ್ಯಾಪ್ ಹಾಕಿಸಿದ್ದ ತನ್ನ ಕಡೆಯ ಪೈಪು ಒಣಗಿಕೊಂಡು ಬಿದ್ದಿತ್ತು. ಗೋಡೆಯ ಆಚೆಯಿಂದ, ಆದಿಲಕ್ಷ್ಮಮ್ಮನ ಮನೆಯ ಕಡೆಯಿಂದ ಬಂದಿದ್ದ ತೆರೆದ ತುದಿಯಿಂದ ನೀರು ಬಳಬಳನೆ ಸುರಿಯುತ್ತಿತ್ತು.

ಹಿಂದೆ ಬಂದು ನಿಂತಿದ್ದ ಸೀನಪ್ಪ ಹೇಳಿದ: "ಸಾವಿರದಿನ್ನೂರು ಅಡಿ ಕೊರೆಸಿದ್ರೂ ನಮ್ಮ ಬೋರಲ್ಲಿ ಬರೀ ಧೂಳು ಬಂತು ರಮಾ, ಅವತ್ತಿಂದ ನೀರು ಬಿಡ್ತಿರೋದು ಆಯಮ್ಮ."