ಗಾಳಿಯ ತೊಂದರೆ

ಡಾಕ್ಟರ್ ಅಂದಾನಪ್ಪ ಆಪರೇಶನ್ ಮೇಜಿನ ಮೇಲೆ ಒಂದು ಗೋಲಿ ಇಟ್ಟರು. ಅದು ಎಡಕ್ಕೆ ಉರುಳಿ, ಅಂಚು ದಾಟಿ ಕೆಳಗೆ ಬಿತ್ತು.

"ಇದು ನಾಕನೇ ಸಲ, ಕಾಶಪ್ಪ. ಕಣ್ಣಾಗ ಚಾಕು ಇಟ್ಟಾಗ ಮೇಜು ವಾಲಿದ್ರ ನಾ ಏನು ಮಾಡ್ಲಿ? ಹನ್ನೆರಡರ ತನಕ ನೋಡ್ತೇನಿ. ಆಗಲಿಲ್ಲಂದ್ರ ಶಿಬಿರ ಬಂದ್."

ಡ್ರೈವರ್ ಕಾಶಪ್ಪ ತಲೆ ತಗ್ಗಿಸಿ ಕೆಳಗಿಳಿದ.

೧೯೮೩ರ ಫೆಬ್ರವರಿ. ಬಾದಾಮಿಯ ಶಾಲೆಯ ಬಯಲಿನಲ್ಲಿ ನಿಂತಿದ್ದ ಆ ಗಾಡಿ ಬಸ್ಸಿಗಿಂತ ಉದ್ದ. ಹೊರದೇಶದವರು ದಾನ ಕೊಟ್ಟದ್ದು. ಮುಂದೆ ಡಾಕ್ಟರು ಮಲಗುವ ಜಾಗ, ನಡುವೆ ಪುಟ್ಟ ಅಡುಗೆಮನೆ, ಹಿಂದೆ ಕಣ್ಣಿನ ಆಪರೇಶನ್ ಕೋಣೆ. ಗಾಲಿಗಳ ಮೇಲೆ ಲಾರಿಗಿರುವಂಥ ಕಬ್ಬಿಣದ ಸ್ಪ್ರಿಂಗ್ ಪಟ್ಟಿಗಳಿಲ್ಲ, ರಬ್ಬರಿನ ಗಾಳಿ ಚೀಲಗಳು. ಎಂಜಿನ್ ಅವಕ್ಕೆ ಗಾಳಿ ತುಂಬಿದರೆ ಗಾಡಿ ತಾನಾಗಿ ಮಟ್ಟಸವಾಗಿ ನಿಲ್ಲಬೇಕು. ಮೂರು ದಿನದಿಂದ ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಹಿಂದಿನ ಎಡ ಮೂಲೆ ಕುಸಿಯುತ್ತಿತ್ತು.

ಕಾಶಪ್ಪ ಚೀಲ ಬದಲಿಸಿದ್ದ. ಕೊಳವೆಗಳಿಗೆ ಸಾಬೂನು ನೀರು ಹಚ್ಚಿದ್ದ. ಒಂದು ಗುಳ್ಳೆಯೂ ಏಳಲಿಲ್ಲ. ಜಾಕ್ ಕೊಟ್ಟು ಎತ್ತಿದರೆ, ಯಾರಾದರೂ ಒಳಗೆ ಹೆಜ್ಜೆ ಇಟ್ಟಾಗ ಮೇಜು ತೊಟ್ಟಿಲಿನಂತೆ ತೂಗುತ್ತಿತ್ತು.

ಸರದಿಯ ಮೊದಲಿಗೆ ಗುರುಲಿಂಗವ್ವ ಕುಳಿತಿದ್ದಳು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದಿತ್ತು. ಮುಂದಿನ ಶಿಬಿರ ಮುಂದಿನ ವರ್ಷ. ಅಲ್ಲಿಯವರೆಗೆ ಆ ಕಣ್ಣು ಉಳಿಯುವುದು ಕಷ್ಟ ಎಂದು ಡಾಕ್ಟರೇ ಹೇಳಿದ್ದರು.

"ಏನಪಾ, ನಿನ್ನ ಗಾಡಿಗೂ ನನ್ನಂಗ ಒಂದು ಕಡೆ ಹೋಗೇತೇನು?" ಎಂದಳು.

"ಸುಮ್ಮನ ಕುಂಡ್ರವಾ ಯಮ್ಮಾ. ಇಳಕಲ್ಲಿಂದ ಮಿಸ್ತ್ರಿ ಬರಾಕ ಹತ್ಯಾನ."

ಆ ಮಿಸ್ತ್ರಿಯ ಹೆಸರು ಹೇಳಿದವನು ಬಸ್ಸಿನ ಕಂಡಕ್ಟರ್ ಬಸಯ್ಯ. ಗಾಳಿ ಕೆಲಸಕ್ಕೆ ಇಳಕಲ್ಲಿನ ಗಾಳಿ ನಬಿಸಾಬನೇ ಆಗಬೇಕು ಎಂದಿದ್ದ. ಕಾಶಪ್ಪ ಹಿಂದಿನ ದಿನವೇ ಚೀಟಿ ಬರೆದು ಬಸಯ್ಯನ ಕೈಗೆ ಕೊಟ್ಟಿದ್ದ: 'ಗಾಳಿಯ ತೊಂದರೆ. ಎರಡು ದಿನದಿಂದ ಎಡಕ್ಕೆ ವಾಲಿ ಬೀಳುವುದು. ಬಾದಾಮಿ ಶಾಲೆಯ ಬಯಲಿಗೆ ಕೂಡಲೇ ಬರಬೇಕು.'

ಹತ್ತೂವರೆಗೆ ನಬಿಸಾಬ ಬಂದ. ಬಿಳಿ ಗಡ್ಡ, ಒಗೆದ ಅಂಗಿ, ಹೆಗಲಿಗೆ ಬಟ್ಟೆಯ ಚೀಲ.

"ನಟ್ಟು ಬಿಚ್ಚೂ ಪಾನಾ ತಂದಿಲ್ಲೇನ್ರಿ?" ಎಂದ ಕಾಶಪ್ಪ.

"ಪಾನಾ ಯಾಕ? ಮೊದಲ ಕೇಳಬೇಕು." ನಬಿಸಾಬ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದ. "ಇದಕ್ಕಾ?"

"ಇದಕ್ಕರಿ."

"ಭಾಳ ದೊಡ್ಡದೈತಿ."

"ಆಗೂದಿಲ್ಲೇನ್ರಿ?"

ನಬಿಸಾಬ ಸಾಲಿನಲ್ಲಿ ಕುಳಿತವರನ್ನು ನೋಡಿದ. ಗುರುಲಿಂಗವ್ವ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದ್ದಳು.

"ಬಂದೇನಿ, ನೋಡೂಣು. ಇದು ಶುರು ಆಗೂ ಹಿಂದಿನ ದಿನ ಎಲ್ಲಿ ಹೋಗಿತ್ತು?"

"ಮಹಾಕೂಟಕ್ಕರಿ."

"ಹಾದ್ಯಾಗ ಏನರ ಅಡ್ಡ ಬಂತೇನು?"

"ಒಂದು ಎಮ್ಮಿರಿ. ಗಕ್ಕನ ಬ್ರೇಕ್ ಹಾಕಿದ್ನಿ."

"ಅಂಜೇತೇನು?"

"ನಾನ ಅಂಜಿದ್ನಿರಿ."

ನಬಿಸಾಬ ತಲೆಯಾಡಿಸಿದ. ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಡಾಕ್ಟರಿಗೆ ಸಂತೋಷವಾಯಿತು. "ನಮ್ಮಂಗ ಮೊದಲ ಹಿಂದಿಂದು ಕೇಳ್ತಾನ ನೋಡು," ಎಂದು ಕಾಶಪ್ಪನ ಕಿವಿಯಲ್ಲಿ ಹೇಳಿದರು.

ನಬಿಸಾಬ ಚೀಲದಿಂದ ಊದುಬತ್ತಿ ತೆಗೆದು ಹಚ್ಚಿದ. ಗಾಡಿಯನ್ನು ಮೂರು ಸುತ್ತು ಸುತ್ತಿದ. ಹಿಂದಿನ ಎಡಗಾಲಿಯ ಹತ್ತಿರ ನೆಟ್ಟಗಿದ್ದ ಹೊಗೆ ಚದುರಿತು. ಈ ಉಪಾಯ ಕಾಶಪ್ಪನಿಗೆ ಹೊಳೆದಿರಲಿಲ್ಲ.

"ಇಲ್ಲೇ ಐತಿ," ಎಂದ ನಬಿಸಾಬ. "ಇದಕ್ಕ ಯಾರರ ಏನರ ಕಟ್ಟ್ಯಾರೇನು?"

ಕಾಶಪ್ಪ ಡಾಕ್ಟರ ಮುಖ ನೋಡಿದ.

"ಡಾಕ್ಟರ್ ಸಾಹೇಬರ, ನೀವು ಒಂದು ಕಪ್ ಚಾ ಕುಡದು ಬರ್ರಿ," ಎಂದ ನಬಿಸಾಬ. ಡಾಕ್ಟರು ಹೋದರು. "ಹ್ಞಾಂ, ಈಗ ಹೇಳಪಾ."

"ಎಮ್ಮಿ ಅಡ್ಡ ಬಂತಲ್ರಿ, ಅವತ್ತ ಸಂಜಿಮುಂದ ಒಂದು ಹಳೇ ಚಪ್ಪಲಿ ಕಟ್ಟಿದ್ನಿರಿ, ದೃಷ್ಟಿ ತಾಕಬಾರದು ಅಂತ. ಮುಂದ ಕಟ್ಟಿದ್ದ ಲಿಂಬಿಹಣ್ಣು ಸಾಹೇಬ್ರು ಕತ್ತರಿಸಿ ಒಗದಿದ್ರು. ಅದಕ್ಕ ಇದನ್ನ ಕಾಣದಂಗ ಗಾಡಿ ಕೆಳಗ ಕಟ್ಟಿದ್ನಿ."

"ಬಿಚ್ಚು."

"ಚಪ್ಪಲಿಗೂ ಗಾಳಿಗೂ ಏನ್ರಿ ಸಂಬಂಧ?"

"ಭಾಳ ಐತಿ. ನಾ ಕಂಡೇನಿ."

ಕಾಶಪ್ಪ ಗಾಡಿಯ ಅಡಿಗೆ ತೆವಳಿದ. ಗಾಲಿಯ ಅಚ್ಚಿನ ಮೇಲೆ ಬೆರಳಿನಷ್ಟು ದಪ್ಪದ ಒಂದು ಕಬ್ಬಿಣದ ಕಡ್ಡಿ. ಚಪ್ಪಲಿಯನ್ನು ಆ ಕಡ್ಡಿಗೂ ಅಚ್ಚಿಗೂ ಸೇರಿಸಿ ತಂತಿಯಿಂದ ಬಿಗಿದಿದ್ದ. ತಂತಿ ಕಡ್ಡಿಯನ್ನು ಕೆಳಗೆ ಜಗ್ಗಿ ಹಿಡಿದಿತ್ತು. ಕಡ್ಡಿಯ ಬುಡದ ಡಬ್ಬಿಯಿಂದ ಗಾಳಿ ಸಣ್ಣಗೆ ಸುಸ್ಸೆನ್ನುತ್ತಿತ್ತು. ಗಾಡಿಯ ಮಟ್ಟ ನೋಡಿ ಗಾಳಿ ಬಿಡುವ, ಹಿಡಿಯುವ ಡಬ್ಬಿಯೇ ಅದು ಎಂದು ಅವನಿಗೆ ಆಗ ಹೊಳೆಯಿತು. ತಂತಿ ಬಿಚ್ಚಿದ. ಕಡ್ಡಿ ಟಕ್ಕನೆ ಮೇಲೆದ್ದಿತು. ಸದ್ದು ನಿಂತಿತು.

ಎಂಜಿನ್ ಚಾಲೂ ಮಾಡಿದಾಗ ಎಡ ಮೂಲೆ ಮಲಗಿದ್ದ ಎಮ್ಮೆಯಂತೆ ನಿಧಾನವಾಗಿ ಎದ್ದು ನಿಂತಿತು. ಅರ್ಧ ತಾಸು ಕಾದರು. ಕುಸಿಯಲಿಲ್ಲ. ಗೋಲಿ ಇಟ್ಟಲ್ಲೇ ಇತ್ತು. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಗುರುಲಿಂಗವ್ವನನ್ನು ಕೈಹಿಡಿದು ಒಳಗೆ ಹತ್ತಿಸಿದರು.

ಕೈ ತೊಳೆಯುತ್ತ ಡಾಕ್ಟರು ಕೇಳಿದರು, "ಎಷ್ಟು ವರ್ಷದಿಂದ ಈ ಕೆಲಸ ನಿಮ್ಮದು?"

"ನಲವತ್ತು ಆತ್ರಿ. ನಮ್ಮಪ್ಪಂದೂ ಇದ ಕೆಲಸ."

"ಇಂಥಾ ಗಾಡಿ ಎಷ್ಟು ನೋಡೀರಿ?"

"ಗಾಡಿ ಇದ ಮೊದಲು."

ಎಂಥ ವಿನಯ ಎಂದುಕೊಂಡು ಡಾಕ್ಟರು ನಕ್ಕರು. ನಬಿಸಾಬ ರೊಟ್ಟಿ ಉಂಡು, ಮಧ್ಯಾಹ್ನದ ಬಸ್ಸು ಹಿಡಿದು ಹೋದ.

ನಾಲ್ಕು ಗಂಟೆಗೆ ಗುರುಲಿಂಗವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೆರಳಿನಲ್ಲಿ ಮಲಗಿದ್ದಳು. ಕೈಗೆಲ್ಲ ಗ್ರೀಸು ಮೆತ್ತಿದ್ದ ಒಬ್ಬ ಗಂಡಸು, ಪಂಪು ಮತ್ತು ಪಾನಾ ಡಬ್ಬಿ ಹೊತ್ತು ಏದುಸಿರು ಬಿಡುತ್ತ ಬಯಲಿಗೆ ಬಂದ.

"ನಾ ಇಳಕಲ್ಲಿನ ಗಾಳಿ ನಬಿಸಾಬರಿ, ತಡಾ ಆತು," ಎಂದ ಕಾಶಪ್ಪನಿಗೆ. "ಆ ಬಸಯ್ಯ ಚೀಟಿ ಅದಲಿಬದಲಿ ಮಾಡ್ಯಾನ. ಗುಳೇದಗುಡ್ಡದಾಗ ಗಾಳಿ ಬಡದೈತಿ ಅಂತ ಯಾರದೋ ಸೊಸೀನ ನನ್ನ ಮುಂದ ತಂದು ಕುಂಡ್ರಿಸಿದ್ರು. ನಿಮ್ಮ ಚೀಟಿ, ನಮ್ಮೂರಾಗ ದೆವ್ವದ ಗಾಳಿ ಬಿಡಿಸೋ ಇನ್ನೊಬ್ಬ ನಬಿಸಾಬಗ ಹೋಗೇತಂತ!"