ಕಾರಿಗಿಂತ ಮೊದಲು ಬಂದದ್ದು

ಜಪಾನಿನ ಆ ಸ್ಪೋರ್ಟ್ಸ್ ಕಾರು ಈ ವರ್ಷ ನಮ್ಮ ದೇಶಕ್ಕೆ ಬಂದೇ ಬರುತ್ತದಂತೆ, ಬಂದ ಕೂಡಲೇ ಕೊಳ್ಳುತ್ತೇನೆ ಎಂದು ಪುಟ್ಟಬಸಪ್ಪ ಆರು ವರ್ಷಗಳಿಂದ ಹೇಳುತ್ತಿದ್ದರು.

“ನೆಲಕ್ಕೆ ಅಂಟಿಕೊಂಡ ಹಾಗಿರುತ್ತಂತೆ ಕಣ್ರೀ, ಹೊಂಚು ಹಾಕಿದ ಚಿರತೆ!”

ಬರುವ ಮೊದಲೇ ಅದರ ಕ್ಷೇಮದ ಚಿಂತೆ. ಬೈಕಿನಲ್ಲಿ ನುಗ್ಗುವವರು ಗುದ್ದಿಬಿಟ್ಟರೆ? ವರ್ಷವಿಡೀ ಅರ್ಜಿ ಹಿಡಿದು ಓಡಾಡಿ, ಬೀದಿಯ ತಿರುವಿನಲ್ಲಿ ಗೇಣೆತ್ತರದ ಹಂಪ್ ಹಾಕಿಸಿದರು.

“ಕಾರಿಗಿಂತ ಮೊದಲು ಹಂಪ್ ಬಂತಲ್ಲ!” ಎಂದು ಪಕ್ಕದ ಮನೆಯ ಸರಸಮ್ಮ ನಕ್ಕರು.

“ನಗಿ, ನಗಿ. ನಾಳೆ ಕಾರು ಬಂದಾಗ ಗೊತ್ತಾಗುತ್ತೆ.”

ಕಡೆಗೂ ಸುದ್ದಿ ನಿಜವಾಯಿತು. ಹಾರ, ನಿಂಬೆಹಣ್ಣು ಹಿಡಿದು ಗೇಟಿನಲ್ಲಿ ಕಾಯುತ್ತಿದ್ದಾಗ, ಕಾರು ತರುತ್ತಿದ್ದ ಡ್ರೈವರ್ ಫೋನ್ ಮಾಡಿದ.

“ತಿರುವಿನಲ್ಲೇ ನಿಂತಿದ್ದೀನಿ ಸಾರ್. ಮುಂದೆ ಬಂದರೆ ಕಾರಿನ ಹೊಟ್ಟೆ ಹರಿಯುತ್ತೆ. ಯಾವ ಪುಣ್ಯಾತ್ಮ ಸಾರ್, ಈ ಹಂಪ್ ಹಾಕಿಸಿದ್ದು?”