ಬಿಗಿ ಸ್ಟಿಯರಿಂಗ್

"ಪವರ್ ಸ್ಟಿಯರಿಂಗ್ ಹಾಕಿಬಿಡ್ಲಾ ಸಾರ್? ಒಂದೇ ಬೆರಳಲ್ಲಿ ತಿರುಗುತ್ತೆ," ಎಂದ ಮೆಕ್ಯಾನಿಕ್.

"ಬೇಡಪ್ಪ. ರಟ್ಟೆ ಬಳಸಿ ತಿರುಗಿಸಿದ್ರೇನೇ ಮಜಾ," ಎಂದರು ಶೇಷಗಿರಿ. ಆ ಹಳೇ ಸ್ಪೋರ್ಟ್ಸ್ ಕಾರೆಂದರೆ ಅವರಿಗೆ ಪಂಚಪ್ರಾಣ. ಹೆಂಡತಿ ವಾರಿಜಮ್ಮ ಮೊನ್ನೆಯಷ್ಟೇ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಸ್ಟಿಯರಿಂಗ್ ಬಿಗಿಯಾಗಿದ್ದರೆ ಆಕೆ ಕಾರಿನ ತಂಟೆಗೆ ಬರುವುದಿಲ್ಲ ಎಂಬ ಅಸಲಿ ಕಾರಣವನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ.

ಕಾರನ್ನು ಮನೆಗೆ ತಂದು ಗೇಟಿನೊಳಗೆ ತಿರುಗಿಸುವಷ್ಟರಲ್ಲಿ ಅವರ ತೋಳು ಸೋತು, ಅಂಗಿ ಒದ್ದೆಯಾಯಿತು. ಕಾರು ಗೇಟಿಗೆ ಅಡ್ಡಲಾಗಿ ನಿಂತಿತು. ವಾರಿಜಮ್ಮ ಬಂದು, ಕಿಟಕಿಯಿಂದ ಒಂದೇ ಕೈ ತೂರಿಸಿ, ಸ್ಟಿಯರಿಂಗನ್ನು ಸಲೀಸಾಗಿ ಪೂರ್ತಿ ತಿರುಗಿಸಿದರು.

"ಕೈಯಲ್ಲಿ ರುಬ್ಬಿದ್ರೇನೇ ರುಚಿ ಅಂತ ಮೂವತ್ತು ವರ್ಷ ಗ್ರೈಂಡರ್ ಕೊಡಿಸ್ಲೇ ಇಲ್ವಲ್ಲ ನೀವು. ಆ ಕಡೆ ಸೀಟಿಗೆ ಸರ್ಕೊಳ್ಳಿ."